ನೆಲವಿಲ್ಲದ ಸಾಹಸಿ ಮತ್ತು ದಾರಿಹೋಕನ ಬದುಕು

ಕೆಲವು ತಿಂಗಳ ಹಿಂದೆ ನಾವು ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಯಜಮಾನರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಲ್ಫಿನಲ್ಲಿ ದುಡಿದವರು. ಕೆಲಸ ಹೋಯಿತು. ಸಾಲ ತೀರಿಸಲು ಊರಿನ ಹಿತ್ತಲು ಸಹಿತ ಮನೆಯನ್ನೇ ಮಾರಬೇಕಾಯಿತು. ಈಗ ಪೇಟೆಯ ಬಾಡಿಗೆ ಮನೆಯಲ್ಲಿ ಅವರ ಸಂಸಾರ. ಹಿರಿಯ ಮಗ ಕಾಲೇಜು ವಿದ್ಯಾರ್ಥಿ. ಇಶಾ ನಮಾಝ್ ಮುಗಿಸಿ ಬಂದವನು ಲ್ಯಾಪ್‌ಟಾಪ್ ತೆರೆದು ಆಟದಲ್ಲಿ ಮುಳುಗಿದ. ಊಟಕ್ಕೆ ಮೂರು ಸಲ ಕರೆದರೂ ಬರಲಿಲ್ಲ. ತಂದೆಯ ಸಹನೆ ಮೀರಿತು. "ಮನೆ ಹೋಯಿತು, ನೆಲ ಹೋಯಿತು, ನಿನಗೆ ಮಾತ್ರ ಆಟ" ಎಂದರು. ಹುಡುಗ ತಲೆ ಎತ್ತದೆಯೇ ಮೆಲ್ಲನೆ ಹೇಳಿದ: "ಅಬ್ಬಾ, ಈ ಆಟದಲ್ಲಿ ನೆಲ ಹೋದರೆ ಆಟ ಮುಗಿಯುವುದಿಲ್ಲ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಂದೆಗೆ ಅದು ಉದ್ಧಟತನವೆಂದು ತೋರಿತು. ನಮಗೆ ಹಾಗೆ ತೋರಲಿಲ್ಲ. ಮನೆ ಕಳೆದುಕೊಂಡ ಹುಡುಗನೊಬ್ಬ ತನ್ನ ನೋವಿಗೆ ಎಲ್ಲಿ ಉತ್ತರ ಹುಡುಕುತ್ತಿದ್ದಾನೆ ಎಂಬುದನ್ನು ಆ ಒಂದು ಮಾತು ತಿಳಿಸಿತ್ತು. ಅಂದಿನಿಂದ ನಾವು ಆ ಆಟದ ಕುರಿತು ವಿಚಾರಿಸಿ ತಿಳಿದುಕೊಂಡೆವು. ನಮ್ಮ ಯುವಕರಲ್ಲಿ ಅನೇಕರು ಇಂತಹ ಆಟಗಳನ್ನು ಆಡುತ್ತಿರುವುದರಿಂದ, ಹೆತ್ತವರು ಇದನ್ನು ಅರಿತು ಮಾತಾಡಬೇಕು, ಅರಿಯದೆ ಗದರಬಾರದು ಎಂಬುದು ನಮ್ಮ ಅಭಿಪ್ರಾಯ.

ಆಟದ ಹೆಸರು ಕ್ರುಸೇಡರ್ ಕಿಂಗ್ಸ್ 3. ಸ್ವೀಡನ್ನಿನ ಪ್ಯಾರಾಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಇದನ್ನು ಹೊರತಂದಿತು. ಹೆಸರು ಕೇಳಿದೊಡನೆ ನಮ್ಮವರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಇದರಲ್ಲಿ ಕ್ರೈಸ್ತ ದೊರೆಯಾಗಿಯಷ್ಟೇ ಅಲ್ಲ, ಮುಸ್ಲಿಮ್ ಅಮೀರನಾಗಿ, ಹಿಂದೂಸ್ಥಾನದ ರಾಜನಾಗಿಯೂ ಆಡಬಹುದು. ಕ್ರಿ.ಶ. 867ರಲ್ಲಿಯೋ 1066ರಲ್ಲಿಯೋ ಆಟ ಆರಂಭಿಸಿದರೆ 1453ರವರೆಗೆ ಅದರ ಗಡಿಯಾರ ನಡೆಯುತ್ತದೆ. ಆಡುವವನು ಒಬ್ಬ ಅರಸನ ಬದುಕನ್ನು ಬದುಕುತ್ತಾನೆ: ಮದುವೆ, ಮಕ್ಕಳು, ಯುದ್ಧ, ಒಪ್ಪಂದ, ಒಳಸಂಚು. ಅರಸ ಸತ್ತರೆ ಆಟಗಾರ ಅವನ ವಾರಸುದಾರನಾಗಿ ಮುಂದುವರಿಯುತ್ತಾನೆ. ಹೀಗೆ ವಂಶವೊಂದು ತಲೆಮಾರುಗಳನ್ನು ದಾಟುತ್ತದೆ.

ಮೊದಲು ಈ ಆಟದಲ್ಲಿ ಒಂದು ಕಠಿಣ ನಿಯಮವಿತ್ತು. ಕೈಯಲ್ಲಿದ್ದ ಕೊನೆಯ ತುಂಡು ನೆಲವೂ ಹೋದರೆ ಆಟ ಮುಗಿಯುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಬಂದ 'ರೋಡ್ಸ್ ಟು ಪವರ್' ಎಂಬ ವಿಸ್ತರಣೆ ಆ ನಿಯಮವನ್ನು ಬದಲಿಸಿತು. ನೆಲ ಕಳೆದುಕೊಂಡವನು ಈಗ 'ನೆಲವಿಲ್ಲದ ಸಾಹಸಿ'ಯಾಗಿ ಬದುಕಬಹುದು. ಅವನಿಗೆ ಕೋಟೆಯಿಲ್ಲ, ತೆರಿಗೆಯಿಲ್ಲ. ಇರುವುದು ಒಂದು ಡೇರೆಗಳ ಬಿಡಾರ, ನಂಬಿ ಬಂದ ನಾಲ್ಕಾರು ಸಂಗಡಿಗರು, ದಾರಿಗೆ ಬೇಕಾದ ಬುತ್ತಿ. ಊರಿಂದ ಊರಿಗೆ ಸಾಗುತ್ತಾ ದೊರೆಗಳಿಂದ ಕೆಲಸ ಹಿಡಿಯಬೇಕು. ಒಬ್ಬರನ್ನು ಕಾವಲಿನಲ್ಲಿ ಊರು ಮುಟ್ಟಿಸುವುದು, ದರೋಡೆಕೋರರನ್ನು ಹಿಡಿಯುವುದು, ಇನ್ನೊಬ್ಬರ ಯುದ್ಧದಲ್ಲಿ ಕೂಲಿಗೆ ಹೋರಾಡುವುದು ಇವೆಲ್ಲ ಅಂತಹ ಕೆಲಸಗಳು. ಬಿಡಾರದ ಉದ್ದೇಶವನ್ನೂ ಆಡುವವನೇ ಆರಿಸಬೇಕು. ವಿದ್ವಾಂಸರ ತಂಡವಾಗಬಹುದು, ಬಾಡಿಗೆ ಸೈನಿಕರ ತಂಡವಾಗಬಹುದು, ದಾರಿಗಳ್ಳರ ತಂಡವೂ ಆಗಬಹುದು.

ಮನೋರಂಜನೆಯನ್ನು ಇಸ್ಲಾಮ್ ಮೂಲದಲ್ಲೇ ನಿಷೇಧಿಸಿಲ್ಲ. ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಟವಾಡುವುದನ್ನು ಪ್ರವಾದಿವರ್ಯರು(ಸ) ಆಯಿಶಾರಿಗೆ(ರ) ತೋರಿಸಿದ್ದು ಸಹೀಹ್ ಹದೀಸ್‌ಗಳಲ್ಲಿ ದಾಖಲಾಗಿದೆ. ಜೂಜು, ಅಶ್ಲೀಲತೆ, ಕಡ್ಡಾಯ ಕರ್ತವ್ಯಗಳ ನಿರ್ಲಕ್ಷ್ಯ ಎಲ್ಲಿ ಸೇರಿಕೊಳ್ಳುತ್ತವೆಯೋ ಅಲ್ಲಿ ಸಮಸ್ಯೆ ಆರಂಭವಾಗುತ್ತದೆ. ಆದ್ದರಿಂದ ಒಂದು ಆಟವನ್ನು ಅದರ ಹೆಸರಿನಿಂದ ಅಳೆಯುವುದು ಸರಿಯಲ್ಲ. ಅದು ಆಡುವವನ ಮನಸ್ಸಿನಲ್ಲಿ ಏನನ್ನು ಬಿತ್ತುತ್ತದೆ, ಅವನ ದಿನದಿಂದ ಏನನ್ನು ಕಸಿಯುತ್ತದೆ ಎಂಬುದರಿಂದ ಅಳೆಯಬೇಕು.

ಮೊದಲು ಒಳಿತನ್ನು ಹೇಳೋಣ. ಸಿಂಹಾಸನದ ಮೇಲೆ ಕುಳಿತು ಆಡುವವನಿಗೆ ಜನರೆಂದರೆ ತೆರಿಗೆ ಮತ್ತು ಸೈನ್ಯದ ಅಂಕಿಗಳು. ನೆಲವಿಲ್ಲದವನಾಗಿ ಆಡುವವನು ಅದೇ ಜಗತ್ತನ್ನು ಕೆಳಗಿನಿಂದ ನೋಡುತ್ತಾನೆ. ಬುತ್ತಿ ಬರಿದಾದರೆ ಸಂಗಡಿಗರು ಕಷ್ಟಕ್ಕೆ ಸಿಲುಕುತ್ತಾರೆ. ಅವನ ನಿಜವಾದ ಬಂಡವಾಳವೆಂದರೆ ಕೈಗುಣ, ಒಡನಾಡಿಗಳು ಮತ್ತು ಒಪ್ಪಿದ ಕೆಲಸವನ್ನು ಪೂರೈಸಿ ಗಳಿಸಿದ ಹೆಸರು. ನೆಲ ಹೋದರೂ ಮನುಷ್ಯ ಉಳಿಯುತ್ತಾನೆ ಎಂಬ ಪಾಠ ಅಲ್ಪವಾದುದಲ್ಲ.

ಈ ಪಾಠ ನಮಗೆ ಹೊಸತೇ? ಖಂಡಿತ ಅಲ್ಲ. ಇಹಲೋಕದಲ್ಲಿ ಪರದೇಶಿಯಂತೆ, ದಾರಿಹೋಕನಂತೆ ಬಾಳಬೇಕೆಂದು ಪ್ರವಾದಿವರ್ಯರು(ಸ) ಅಬ್ದುಲ್ಲಾ ಇಬ್ನು ಉಮರ್‌ರ(ರ) ಹೆಗಲು ಹಿಡಿದು ಬೋಧಿಸಿದ್ದರು. ಪವಿತ್ರ ಕುರ್‌ಆನ್ ಝಕಾತ್‌ನ ಎಂಟು ಹಕ್ಕುದಾರರನ್ನು ಹೆಸರಿಸುವಾಗ ಬಡವರು, ಸಾಲಗಾರರ ಜೊತೆಗೆ ದಾರಿಹೋಕನನ್ನೂ ಸೇರಿಸಿದೆ. ತನ್ನ ಊರಿನಲ್ಲಿ ಸಿರಿವಂತನಾಗಿದ್ದರೂ ಪರವೂರಿನಲ್ಲಿ ನಿರ್ಗತಿಕನಾದವನಿಗೆ ಸಮುದಾಯದ ಸಂಪತ್ತಿನಲ್ಲಿ ಪಾಲಿದೆ. ಅದು ಹಕ್ಕು, ಭಿಕ್ಷೆಯಲ್ಲ. ಪ್ರಯಾಣಿಕನಿಗೆ ನಮಾಝ್‌ನ ರಕ್ಅತ್‌ಗಳನ್ನು ಮೊಟಕುಗೊಳಿಸುವ, ಉಪವಾಸವನ್ನು ಮುಂದೂಡುವ ರಿಯಾಯಿತಿಯೂ ಇದೆ. ನೆಲೆ ಇಲ್ಲದವನ ಕಷ್ಟವನ್ನು ಶರೀಅತ್ ಲೆಕ್ಕಕ್ಕೆ ತೆಗೆದುಕೊಂಡಿದೆ.

ಮದೀನಾದ ಮುಹಾಜಿರರನ್ನು ನೆನೆಯಿರಿ. ಅವರು ಮಕ್ಕಾದ ಮನೆ, ಅಂಗಡಿ, ಬಂಧುಬಳಗವನ್ನು ಬಿಟ್ಟು ಬಂದವರು. ಪ್ರವಾದಿವರ್ಯರು(ಸ) ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಯ ಸಹೋದರನನ್ನಾಗಿ ಮಾಡಿದರು. ಅಬ್ದುರ್ರಹ್ಮಾನ್ ಇಬ್ನು ಔಫ್‌ರಿಗೆ(ರ) ಸಹೋದರರಾದ ಸಅದ್ ಇಬ್ನು ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧವನ್ನು ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗೆ ಬರಕತ್‌ಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಗಟ್ಟಿ ಮೊಸರು ಮತ್ತು ತುಪ್ಪದ ವ್ಯಾಪಾರದಿಂದ ಮತ್ತೆ ಬದುಕು ಕಟ್ಟಿಕೊಂಡರು. ಇಲ್ಲಿ ಎರಡು ಘನತೆಗಳಿವೆ: ಅರ್ಧ ಕೊಡಲು ಮುಂದಾದವರ ಘನತೆ ಮತ್ತು ದುಡಿದು ತಿನ್ನುವೆನೆಂದವರ ಘನತೆ. ಆಟದಲ್ಲಿ ನೆಲವಿಲ್ಲದವನಿಗೆ ಕೆಲಸ ಕೊಡುವ ದೊರೆಗಳಿದ್ದಾರೆ, ಆದರೆ ಸಅದ್‌ರಂತಹ(ರ) ಸಹೋದರನಿಲ್ಲ. ಈ ಕೊರತೆಯನ್ನು ನಮ್ಮ ಮಕ್ಕಳು ಗುರುತಿಸುವಂತಾಗಬೇಕು.

ಇತಿಹಾಸದ ಇನ್ನೊಬ್ಬ ನೆಲವಿಲ್ಲದವನ ಕಥೆ ಈ ಆಟದ ಕಾಲಕ್ಕಿಂತ ನೂರು ವರ್ಷ ಹಿಂದಿನದು. 750ರಲ್ಲಿ ಅಬ್ಬಾಸಿಗಳು ಉಮಯ್ಯ ಆಳ್ವಿಕೆಯನ್ನು ಉರುಳಿಸಿ ಆ ವಂಶದವರನ್ನು ಹುಡುಕಿ ಹುಡುಕಿ ಕೊಂದರು. ಖಲೀಫ ಹಿಶಾಮನ ಮೊಮ್ಮಗ ಅಬ್ದುರ್ರಹ್ಮಾನನಿಗೆ ಆಗ ಸುಮಾರು ಇಪ್ಪತ್ತು ವರ್ಷ. ಯೂಫ್ರಟಿಸ್ ನದಿಗೆ ಹಾರಿ ಈಜಿ ಪಾರಾದ. ಅಭಯದ ಮಾತು ನಂಬಿ ದಡಕ್ಕೆ ಮರಳಿದ ಕಿರಿಯ ತಮ್ಮನನ್ನು ಅವನ ಕಣ್ಣೆದುರೇ ಕೊಂದರು. ಬಳಿಕ ಐದು ವರ್ಷ ಪ್ಯಾಲೆಸ್ತೀನ್, ಈಜಿಪ್ಟ್, ಉತ್ತರ ಆಫ್ರಿಕಾದಲ್ಲಿ ಅಲೆದಾಟ. ಜೊತೆಗಿದ್ದದ್ದು ಬದ್ರ್ ಎಂಬ ವಿಮೋಚಿತ ಗುಲಾಮ. ತಾಯಿಯ ಕಡೆಯ ಬರ್ಬರ್ ಬುಡಕಟ್ಟು ಆಶ್ರಯ ಕೊಟ್ಟಿತು. 755ರಲ್ಲಿ ಸಮುದ್ರ ದಾಟಿ ಅಂದಲೂಸಿಯಾದ ಕರಾವಳಿಯಲ್ಲಿ ಇಳಿದು, ಮರುವರ್ಷ ಕೊರ್ಡೋವಾದ ಅಮೀರನಾದ. 788ರಲ್ಲಿ ತೀರಿಕೊಳ್ಳುವವರೆಗೂ ಆಳಿದ. ಕೊರ್ಡೋವಾದ ಪ್ರಸಿದ್ಧ ಮಸೀದಿಯ ನಿರ್ಮಾಣ ಆರಂಭವಾದದ್ದು ಅವನ ಕಾಲದಲ್ಲೇ.

ಸಾಹಸಪ್ರಿಯರಾದ ನಮ್ಮ ಯುವಕರು ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಲು ಬಯಸುತ್ತಾರೆ. ಆದರೆ ಮುಂದಿನ ಪುಟವನ್ನೂ ಓದಬೇಕು. ಕಷ್ಟದ ದಿನಗಳಲ್ಲಿ ನೆರಳಿನಂತಿದ್ದ, ಸಮುದ್ರದಾಚೆ ಹೋಗಿ ಅವನಿಗಾಗಿ ಬೆಂಬಲ ಕೂಡಿಸಿದ ಅದೇ ಬದ್ರ್ ಮುಂದೆ ಒಡೆಯನ ಅವಕೃಪೆಗೆ ಗುರಿಯಾಗಿ ದೂರ ತಳ್ಳಲ್ಪಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಡೇರೆಯಲ್ಲಿ ಉಳಿದಿದ್ದ ಸ್ನೇಹ ಅರಮನೆಯಲ್ಲಿ ಉಳಿಯಲಿಲ್ಲ. ನೆಲ ಕಳೆದುಕೊಳ್ಳುವುದು ಒಂದು ಪರೀಕ್ಷೆಯಾದರೆ ನೆಲ ಮರಳಿ ಸಿಗುವುದು ಇನ್ನೂ ದೊಡ್ಡ ಪರೀಕ್ಷೆ.

ಈಗ ಆಟದ ಕೆಡುಕಿನತ್ತ ಬರೋಣ. ಈ ಆಟದಲ್ಲಿ ಚಿನ್ನ, ಪ್ರತಿಷ್ಠೆಗಳಂತೆ ಧರ್ಮನಿಷ್ಠೆಯೂ ಒಂದು ಅಂಕಿ. ಮುಸ್ಲಿಮ್ ಪಾತ್ರ ಹಜ್ ಯಾತ್ರೆ ಕೈಗೊಂಡರೆ ಆ ಅಂಕಿ ಏರುತ್ತದೆ. ಆಮೇಲೆ ಅದನ್ನು ಹಣದಂತೆ ಖರ್ಚು ಮಾಡಿ ಧರ್ಮದ ಹೆಸರಿನ ಯುದ್ಧ ಸಾರಬಹುದು. ಲಾಭ ಕಂಡರೆ ಧರ್ಮವನ್ನೇ ಬದಲಿಸಬಹುದು. ಆಟಕ್ಕೆ ಲೆಕ್ಕ ಬೇಕು, ಆದ್ದರಿಂದ ಅವರು ಅಂಕಿ ಇಟ್ಟರು ಎಂಬುದನ್ನು ನಾವು ಬಲ್ಲೆವು. ಆದರೆ ತಖ್ವಾ ಸಂಗ್ರಹಿಸಿ ಖರ್ಚು ಮಾಡುವ ನಾಣ್ಯವಲ್ಲ. ಅದು ಇರುವುದು ಹೃದಯದಲ್ಲಿ, ಅದನ್ನು ಅಳೆಯುವವನು ಅಲ್ಲಾಹನು ಮಾತ್ರ. ಈ ವಿಷಯದಲ್ಲಿ ಆಟವನ್ನು ದೂರುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಹಜ್‌ನಿಂದ ಮರಳಿದ ಮೇಲೆ ಹೆಸರಿನ ಹಿಂದೆ ಹಾಜಿ ಎಂದು ಸೇರಿಸಿಕೊಂಡು, ಅದೇ ಹೆಸರಿನಲ್ಲಿ ವ್ಯಾಪಾರದ ನಂಬಿಕೆ ಗಿಟ್ಟಿಸಿ ಮೋಸ ಮಾಡಿದವರನ್ನು ನಾವು ಕಂಡಿಲ್ಲವೇ? ಧರ್ಮನಿಷ್ಠೆಯನ್ನು ನಾಣ್ಯವಾಗಿಸಿದವರು ಸ್ವೀಡನ್ನಿನ ಆಟಗಾರರಷ್ಟೇ ಅಲ್ಲ.

ಎರಡನೆಯದು ಒಳಸಂಚು. ಕೊಲೆಗೆ ಸಂಚು ಹೂಡುವುದು, ಇನ್ನೊಬ್ಬರ ಗುಟ್ಟನ್ನು ಹಿಡಿದು ಬೆದರಿಸುವುದು, ಗುಟ್ಟೇ ಇಲ್ಲದಿದ್ದರೆ ಸುಳ್ಳು ಸಾಕ್ಷ್ಯ ಸೃಷ್ಟಿಸಿ ಹಿಡಿತ ಸಾಧಿಸುವುದು ಇವೆಲ್ಲ ಇಲ್ಲಿ ಕಲಿಯಬಹುದಾದ ಜಾಣ್ಮೆಗಳು. ವ್ಯಭಿಚಾರ ಮತ್ತು ಚಿತ್ರಹಿಂಸೆಯ ಪ್ರಸಂಗಗಳೂ ಉಂಟು. ಕಿರಿಯ ಮಕ್ಕಳಿಗೆ ಇದು ತಕ್ಕ ಆಟವಲ್ಲವೆಂಬುದನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ತೆರೆಯ ಮೇಲೆ ಇಂತಹ ಸಂಚು ಒಂದು ಗುಂಡಿ ಒತ್ತಿದಷ್ಟು ಸುಲಭ. ಅದರ ನಿಜವಾದ ಬೆಲೆ ಏನೆಂದು ತಿಳಿಯಬೇಕಾದರೆ ನಮ್ಮದೇ ಬೀದರಿಗೆ ಹೋಗಬೇಕು.

ಆಟದ ಗಡಿಯಾರ ನಿಲ್ಲುವುದು 1453ರಲ್ಲಿ ಎಂದೆವಲ್ಲವೇ? ಸುಮಾರು ಅದೇ ವರ್ಷ ಪರ್ಷಿಯಾದ ಗೀಲಾನ್ ಪ್ರಾಂತದ ಒಬ್ಬ ವರ್ತಕ ದಾಭೋಲ್ ಬಂದರಿನಲ್ಲಿಳಿದು ಬೀದರಿಗೆ ಬಂದರು. ಹುಟ್ಟೂರು ಬಿಟ್ಟವರು, ಇಲ್ಲಿ ತುಂಡು ನೆಲವೂ ಇಲ್ಲದವರು. ಅವರೇ ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್. ಪಶ್ಚಿಮದಲ್ಲಿ ಗೋವಾದವರೆಗೆ ರಾಜ್ಯವನ್ನು ವಿಸ್ತರಿಸಿದರು, ಪ್ರಾಂತಾಧಿಪತಿಗಳ ಅಧಿಕಾರಕ್ಕೆ ಮಿತಿ ಹಾಕಿದರು, 1472ರಲ್ಲಿ ಬೀದರಿನಲ್ಲಿ ಭವ್ಯ ಮದ್ರಸವನ್ನು ಪೂರ್ಣಗೊಳಿಸಿದರು. ಇಷ್ಟೆಲ್ಲ ಅಧಿಕಾರವಿದ್ದರೂ ತಮ್ಮ ಊಟ ಬಟ್ಟೆಗೆ ಸ್ವಂತ ವ್ಯಾಪಾರದ ಗಳಿಕೆಯನ್ನೇ ಬಳಸುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಅವರ ಸುಧಾರಣೆಯಿಂದ ಅಧಿಕಾರ ಕಳೆದುಕೊಂಡವರು ಒಂದು ಸಂಚು ಹೂಡಿದರು. ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಗವಾನರ ಮುದ್ರೆ ಹಾಕಿಸಿದರು. ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರಲ್ಲಿ ಬರೆದು ಸುಲ್ತಾನ ಮುಹಮ್ಮದ್ ಶಾಹನ ಕೈಗಿತ್ತರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ವೃದ್ಧರ ತಲೆ ಉರುಳಿತು. ಬಳಿಕ ಸತ್ಯ ತಿಳಿಯಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಒಡೆದು ಐದು ಪಾಲಾಯಿತು.

ಆಟದಲ್ಲಿ ಸುಳ್ಳು ಸಾಕ್ಷ್ಯ ಸೃಷ್ಟಿಸುವುದು ಒಂದು ಕೌಶಲ. ಬಹಮನಿ ರಾಜ್ಯದಲ್ಲಿ ಅದೇ ಕೌಶಲ ಒಬ್ಬ ನಿರಪರಾಧಿಯನ್ನು ಬಲಿ ಪಡೆದು ಒಂದು ನಾಡಿನ ಬೆನ್ನೆಲುಬನ್ನೇ ಮುರಿಯಿತು. ಅರ್ಧ ಕುಸಿದು ನಿಂತಿರುವ ಆ ಮದ್ರಸವನ್ನು, ಅದರ ಗೋಡೆಯ ನೀಲಿ ಹೆಂಚುಗಳನ್ನು ಮಕ್ಕಳಿಗೆ ತೋರಿಸಿ ಈ ಕಥೆ ಹೇಳಿದರೆ, ಆ ಗುಂಡಿಯನ್ನು ಒತ್ತುವಾಗ ಅವರ ಬೆರಳು ಒಂದು ಕ್ಷಣವಾದರೂ ತಡೆಯುತ್ತದೆ. ಸುಳ್ಳು ಆಪಾದನೆ, ತಿರುಚಿದ ವೀಡಿಯೊ, ಮಾತಾಡದವರ ಬಾಯಿಗೆ ಮಾತು ತುರುಕುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಈ ಕಾಲದಲ್ಲಿ ಆ ತಡೆ ಬಹಳ ಅಗತ್ಯ. ಬಂದ ಸುದ್ದಿಯನ್ನು ಪರಾಮರ್ಶಿಸಬೇಕೆಂಬ ಕುರ್‌ಆನಿನ ಆದೇಶವನ್ನು ಅಂದಿನ ಸುಲ್ತಾನ ಪಾಲಿಸಲಿಲ್ಲ. ನಾವು ಪಾಲಿಸುತ್ತಿದ್ದೇವೆಯೇ?

ಮೂರನೆಯದು ಮರಣ. ಆಟದಲ್ಲಿ ತಂದೆ ಮಾಡಿದ ಕೊಲೆಯ ಲಾಭವನ್ನು ಮಗ ಉಣ್ಣುತ್ತಾನೆ. ಆಡುವವನು ಸಾವನ್ನು ದಾಟಿ ವಾರಸುದಾರನ ಮೈಯಲ್ಲಿ ಮುಂದುವರಿಯುತ್ತಾನೆ. ಸತ್ತವನಿಗೆ ವಿಚಾರಣೆಯಿಲ್ಲ. ನಮ್ಮ ನಂಬಿಕೆಯ ಪ್ರಕಾರ ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ. ಪ್ರತಿಯೊಬ್ಬನೂ ತನ್ನ ಕರ್ಮಪತ್ರದೊಂದಿಗೆ ಒಬ್ಬಂಟಿಯಾಗಿ ಅಲ್ಲಾಹನ ಮುಂದೆ ನಿಲ್ಲುತ್ತಾನೆ. ಮರಣದ ಬಳಿಕವೂ ಮನುಷ್ಯನ ಪಾಲಿಗೆ ಉಳಿಯುವ ಮೂರನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ: ಹರಿಯುತ್ತಲೇ ಇರುವ ದಾನ, ಇತರರಿಗೆ ಉಪಯೋಗವಾಗುವ ಜ್ಞಾನ ಮತ್ತು ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಇದರಲ್ಲಿ ನೆಲದ ಉಲ್ಲೇಖವಿಲ್ಲ, ಪಟ್ಟದ ಉಲ್ಲೇಖವಿಲ್ಲ. ಗವಾನರ ಪಾಲಿಗೆ ಉಳಿದದ್ದು ಮದ್ರಸ, ಅವರನ್ನು ಕೊಲ್ಲಿಸಿದವರ ಪಾಲಿಗೆ ಉಳಿದದ್ದು ಕಳಂಕ.

ಇನ್ನು ಸಮಯದ ಮಾತು. ಇಂತಹ ಆಟಗಳಲ್ಲಿ ಇನ್ನೊಂದು ವರ್ಷ ನೋಡೋಣ, ಈ ಒಂದು ಕೆಲಸ ಮುಗಿಸೋಣ ಎನ್ನುತ್ತಲೇ ಫಜ್ರ್‌ನ ಬಾಂಗ್ ಕೇಳಿಸುತ್ತದೆ. "ನಡುವೆ ನಿಲ್ಲಿಸಲಾಗದು" ಎಂದು ಮಕ್ಕಳು ಹೇಳಿದರೆ ನಂಬಬೇಡಿ. ಈ ಆಟವನ್ನು ಯಾವ ಗಳಿಗೆಯಲ್ಲಾದರೂ ಒಂದು ಕೀಲಿ ಒತ್ತಿ ನಿಲ್ಲಿಸಬಹುದು. ಕಾಲ ಅಲ್ಲೇ ನಿಂತು ಕಾಯುತ್ತದೆ. ಅದು ತಪ್ಪಿದ ಹೆಜ್ಜೆಯನ್ನು ಅಳಿಸಿ ಹಿಂದಿನಿಂದ ಮತ್ತೆ ಆಡಲು ಕೂಡ ಬಿಡುತ್ತದೆ. ನಮ್ಮ ಆಯುಷ್ಯಕ್ಕೆ ಈ ಎರಡು ಸೌಲಭ್ಯಗಳೂ ಇಲ್ಲ. ಕಾಯಬಲ್ಲದ್ದನ್ನು ಕಾಯಿಸಿ, ಕಾಯದ ನಮಾಝ್‌ಗೆ ಎದ್ದು ಹೋಗುವುದು ಸರಳ ನ್ಯಾಯ.

ಹೆತ್ತವರಿಗೆ ನಮ್ಮ ವಿನಂತಿಯಿಷ್ಟೇ. ಬೆಳೆದ ಮಗನ ಲ್ಯಾಪ್‌ಟಾಪ್ ಕಿತ್ತುಕೊಳ್ಳುವ ಮೊದಲು ಒಂದು ರಾತ್ರಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಬಿಡಾರವನ್ನು ವಿದ್ವಾಂಸರದ್ದಾಗಿಸಿದ್ದೀಯೋ, ದಾರಿಗಳ್ಳರದ್ದಾಗಿಸಿದ್ದೀಯೋ, ಏಕೆ ಎಂದು ಕೇಳಿ. ಕೊಟ್ಟ ಮಾತನ್ನು ಮುರಿದರೆ ಲಾಭವಿದ್ದಾಗ ಏನು ಮಾಡಿದೆ ಎಂದು ಕೇಳಿ. ಅವನ ಉತ್ತರಗಳಲ್ಲಿ ನಿಮ್ಮ ಮಗ ನಿಮಗೆ ಕಾಣಿಸುತ್ತಾನೆ. ಆಡುವ ಹೊತ್ತಿಗೆ ಮಿತಿ ಹಾಕಿ, ಐದು ಹೊತ್ತಿನ ನಮಾಝ್‌ನ ವಿಷಯದಲ್ಲಿ ರಾಜಿ ಬೇಡ. ಅದಕ್ಕಿಂತ ಮಿಗಿಲಾಗಿ, ಆಟದ ಹೊರಗೆ ಅವನಿಗೊಂದು ಹೊಣೆ ಕೊಡಿ. ನೆಲವಿಲ್ಲದ ಸಾಹಸಿಯಾಗಿ ಹತ್ತು ಜನರಿಗೆ ಬುತ್ತಿ ಹೊಂದಿಸಬಲ್ಲವನು ಮನೆಯ ತಿಂಗಳ ರೇಷನ್‌ನ ಲೆಕ್ಕವನ್ನೂ ಹೊಂದಿಸಬಲ್ಲ.

ಯುವಕರಿಗೂ ಒಂದು ಮಾತು. ತೆರೆಯ ಮೇಲಿನ ಬಿಡಾರದವರ ಹಸಿವು ನಿಮಗೆ ಅರ್ಥವಾಗುತ್ತದೆಯಾದರೆ, ನಿಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಹುಡುಕಿ ಬಂದು ಮಲಗಿರುವ ಪರಊರಿನ ಕಾರ್ಮಿಕನ ಹಸಿವೂ ಅರ್ಥವಾಗಬೇಕು. ಅವನ ಧರ್ಮ ಯಾವುದೆಂದು ಕೇಳುವ ಮೊದಲು ಅವನು ಉಂಡನೇ ಎಂದು ಕೇಳಿ. ನೆಲವಿಲ್ಲದ ಸಾಹಸಿಯೆಂದರೆ ನಿಜವಾಗಿ ಅವನೇ.

ಆ ರಾತ್ರಿ ನಾವು ಹೊರಡುವ ಮುನ್ನ ಆ ತಂದೆಯೊಡನೆ ಹೊರಗೆ ನಿಂತು ಸ್ವಲ್ಪ ಹೊತ್ತು ಮಾತಾಡಿದೆವು. ಮಗ ಹೇಳಿದ್ದು ಅಪಹಾಸ್ಯವಲ್ಲ, ಅವನಿಗೆ ಗೊತ್ತಿರುವ ಭಾಷೆಯಲ್ಲಿ ಆಡಿದ ಸಮಾಧಾನದ ಮಾತಾಗಿರಬಹುದು ಎಂದೆವು. ಅವರು ಏನೂ ಹೇಳಲಿಲ್ಲ. ಕಳೆದ ತಿಂಗಳು ಮತ್ತೆ ಹೋದಾಗ ತಂದೆ ಪೇಟೆಯಲ್ಲಿ ಚಿಕ್ಕದೊಂದು ಅಂಗಡಿ ಹಿಡಿದಿದ್ದರು. ಕಾಲೇಜು ಬಿಟ್ಟ ಮೇಲೆ ಮಗ ಮಗ್ರಿಬ್‌ವರೆಗೆ ಅಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಒಂದು ಗಂಟೆ ಆಡುತ್ತಾನಂತೆ. ತಂದೆಯೇ ನಗುತ್ತಾ ಹೇಳಿದರು: "ನಿನ್ನೆ ಇವನ ಬಿಡಾರ ಕೊರ್ಡೋವಾ ತಲುಪಿತು."

ನೆಲ ಕೊಡುವವನೂ ಅಲ್ಲಾಹನು, ಹಿಂದಕ್ಕೆ ಪಡೆಯುವವನೂ ಅವನೇ. ಇರುವಾಗ ಕೃತಜ್ಞತೆಯನ್ನೂ ಇಲ್ಲದಾಗ ಸಹನೆಯನ್ನೂ, ಎರಡೂ ಕಾಲದಲ್ಲಿ ದಾರಿಹೋಕನ ಎಚ್ಚರವನ್ನೂ ಅವನು ನಮಗೆ ಮತ್ತು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.